ಸಹಿಯಿಲ್ಲದೆ ಪಾಸಾಗುವ ಚೆಕ್ಕು

ಮಕ್ಕಳೇ, ಜೀವಕೋಶದ ಹೊರಮೈಯಲ್ಲಿ ‘ಗ್ರಾಹಕ’ಗಳಿರುತ್ತವೆ. ನಮ್ಮ ಬ್ಯಾಂಕಿಗೆ ಬರುತ್ತಿದ್ದ ಗ್ರಾಹಕರಲ್ಲ, ಇವು ಪ್ರೋಟೀನುಗಳು! ‘ಬೆಳವಣಿಗೆಯ ಅಂಶ’ ಎಂಬ ವಸ್ತು ಬಂದು ಕೂತರೆ, ‘ಎರಡಾಗು’ ಎಂಬ ಸುದ್ದಿಯನ್ನು ಒಳಕ್ಕೆ ಮುಟ್ಟಿಸುತ್ತವೆ. ಆ ಅಂಶ ಚೆಕ್ಕಿನ ಮೇಲಿನ ಸಹಿಯಿದ್ದಂತೆ. ಸಹಿಯಿಲ್ಲದ ಚೆಕ್ಕನ್ನು ನಾನು ಮುಂದಕ್ಕೆ ಕಳಿಸುತ್ತಿರಲಿಲ್ಲ. ಇಂಥದೊಂದು ಅಂಶವನ್ನು ಕಂಡುಹಿಡಿದ ಸ್ಟ್ಯಾನ್ಲಿ ಕೋಹೆನ್ 1986ರಲ್ಲಿ ನೊಬೆಲ್ ಪಡೆದರು.

ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರಿನಲ್ಲಿ ಹಲವರಿಗೆ ಅದೇ ಅಂಶದ ಗ್ರಾಹಕಗಳು ಅತಿಯಾಗಿರುತ್ತವೆ. ಕೆಲವರಲ್ಲಿ ಅವುಗಳ ಹೊರಭಾಗದ ತುಂಡೊಂದು ಇರುವುದೇ ಇಲ್ಲ. ಸಹಿ ಬಾರದಿದ್ದರೂ ‘ಎರಡಾಗು, ಎರಡಾಗು’ ಎನ್ನುತ್ತಲೇ ಇರುತ್ತವೆ. ಗಡ್ಡೆ ಬೆಳೆಯುತ್ತದೆ.

ನನ್ನ ಗೆಳೆಯನಿಗೆ ಈ ಕಾಯಿಲೆ ಬಂದಾಗ ಅವನ ಮೊಮ್ಮಗಳು ಹೆದರಿ ದೂರವೇ ನಿಲ್ಲುತ್ತಿದ್ದಳು. “ಇದು ಕೋಶದೊಳಗಿನ ಎಡವಟ್ಟು ಪುಟ್ಟಿ, ಅಂಟುವುದಿಲ್ಲ. ಹೋಗು, ಅಜ್ಜನ ಕೈ ಹಿಡಿದುಕೋ” ಎಂದೆ.