ಬ್ಲಾಕ್ ಸಾಲದಾದ ಮಕ್ಕಳು ಎಲ್ಲಿಗೆ ಹೋಗಬೇಕು?

ಒಂಬತ್ತನೇ ತರಗತಿಯ ಹುಡುಗನೊಬ್ಬ ಕಂಪ್ಯೂಟರ್ ಲ್ಯಾಬಿನ ಕಡೆ ತಲೆ ಹಾಕುವುದನ್ನು ನಿಲ್ಲಿಸಿದರೆ ಮನೆಯವರಿಗೆ ಸಮಾಧಾನ. "ಆ ಹುಚ್ಚ ಬಿಟ್ಟಾನ, ಇನ್ನ ಓದ್ತಾನ ಬಿಡ್ರಿ" ಎನ್ನುತ್ತಾರೆ. ಶಾಲೆಯಲ್ಲೂ ಅದನ್ನು ಯಾರೂ ಬರೆದಿಡುವುದಿಲ್ಲ. ಹಾಜರಾತಿಯಲ್ಲಿ ಅದು ಕಾಣುವುದಿಲ್ಲ, ಫಲಿತಾಂಶದಲ್ಲೂ ಕಾಣುವುದಿಲ್ಲ. ಅಕ್ಕಿಆಲೂರು, ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ನಾವು ಮುಂದಿನ ನಾಲ್ಕೈದು ವರ್ಷಗಳಲ್ಲಿ ಅನುಭವಿಸಲಿರುವ ಒಂದು ನಷ್ಟ ಹೀಗೆ ಸದ್ದಿಲ್ಲದೆ ಶುರುವಾಗುತ್ತದೆ. ಅದು ದೊಡ್ಡದಾಗುವ ಮೊದಲೇ ಎಚ್ಚರಿಸಬೇಕಾಗಿದೆ.

ಈಗಲೇ ಏಕೆ ಎಂದರೆ, ಮಕ್ಕಳ ಕೈಗೆ ಕಂಪ್ಯೂಟರ್ ಕೊಡುವ ಕೆಲಸಕ್ಕೆ ಈಗ ದುಡ್ಡು ಬರುತ್ತಿದೆ. 2016ರಲ್ಲಿ ಶುರುವಾದ ಅಟಲ್ ಇನ್ನೊವೇಶನ್ ಮಿಷನ್, ಶಾಲೆಯಲ್ಲಿ ಮಕ್ಕಳು ಕೈಯಾರೆ ಮಾಡಿ ಕಲಿಯುವ ಪ್ರತಿ ಟಿಂಕರಿಂಗ್ ಲ್ಯಾಬಿಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ. 2025ರ ಕೇಂದ್ರ ಬಜೆಟ್ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ 50,000 ಲ್ಯಾಬುಗಳನ್ನು ಘೋಷಿಸಿದೆ. ಪ್ರೋಗ್ರಾಮ್ ಬರೆಯಲು ಮಕ್ಕಳಿಗೆ ಮೊದಲು ಕಲಿಸುವ ಸ್ಕ್ರ್ಯಾಚ್ ಭಾಷೆಯಂತೂ ಪುಕ್ಕಟೆ ಸಿಗುತ್ತದೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಒಳ್ಳೆಯದೇ ಆಯಿತು. ಆದರೆ ಶುರು ಮಾಡುವ ಮಕ್ಕಳು ಹೆಚ್ಚಿದಷ್ಟೂ, ಶುರುವಿನ ಭಾಷೆ ಸಾಲದಾಗಿ ನಡುದಾರಿಯಲ್ಲಿ ನಿಲ್ಲುವ ಮಕ್ಕಳೂ ಹೆಚ್ಚುತ್ತಾರೆ. ಅವರಿಗಾಗಿ ನಮ್ಮ ಊರುಗಳಲ್ಲಿ ಯಾವ ತಯಾರಿಯೂ ಕಾಣುತ್ತಿಲ್ಲ.

ಸ್ಕ್ರ್ಯಾಚ್ ಹೊರಬಂದದ್ದು 2007ರಲ್ಲಿ, ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನ ಮಿಚೆಲ್ ರೆಸ್ನಿಕ್ ಅವರ ತಂಡದಿಂದ. 8ರಿಂದ 16ರ ವಯಸ್ಸಿನವರಿಗೆಂದು ಮಾಡಿದ ಭಾಷೆ. ಸಾಲುಸಾಲಾಗಿ ಟೈಪ್ ಮಾಡುವಂತಿಲ್ಲ. ಬಣ್ಣಬಣ್ಣದ ಬ್ಲಾಕುಗಳನ್ನು ಎಳೆದು ಒಂದಕ್ಕೊಂದು ಕೂಡಿಸಬೇಕು. ದೀಪಾವಳಿ ಮುಗಿದ ವಾರ ನಮ್ಮ ಸೀಮೆಯ ಮಗುವನ್ನು ಇದರ ಮುಂದೆ ಕೂರಿಸಿ ನೋಡಿ, ಹೋರಿ ಹಬ್ಬವೇ ಪರದೆಯ ಮೇಲೆ ಬರುತ್ತದೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿಕೊಂಡು ಹೋರಿ ಓಡುತ್ತದೆ. ಬಾಣದ ಗುಂಡಿ ಒತ್ತಿದರೆ ಹುಡುಗ ಹಾರುತ್ತಾನೆ. ಕೊಬ್ಬರಿ ಹರಿದರೆ ಅಂಕ. ಎರಡು ಮಧ್ಯಾಹ್ನದ ಕೆಲಸ. ಹನ್ನೊಂದು ವರ್ಷದ ಮಗು ತನ್ನ ಊರಿನ ಹಬ್ಬವನ್ನು ತಾನೇ ಆಟ ಮಾಡಿ ಪಕ್ಕದವರಿಗೆ ಆಡಿಸುವ ಖುಷಿಗೆ ಬೆಲೆ ಕಟ್ಟಲಾಗದು.

ಮಗುವಿಗೆ ಹದಿನಾಲ್ಕು ತುಂಬುವ ಹೊತ್ತಿಗೆ ಆಟವೂ ಬೆಳೆದಿರುತ್ತದೆ. ಅಖಾಡದ ಎರಡೂ ಬದಿಗೆ ಜನ ಕಿಕ್ಕಿರಿದಿರಬೇಕು ಎನ್ನಿಸುತ್ತದೆ; ಆದರೆ ಸ್ಕ್ರ್ಯಾಚ್‌ನಲ್ಲಿ ಒಂದು ಸಲಕ್ಕೆ 300ಕ್ಕಿಂತ ಹೆಚ್ಚು ತದ್ರೂಪಿ ಚಿತ್ರಗಳನ್ನು ಹುಟ್ಟಿಸಲು ಬರುವುದಿಲ್ಲ. ಮಿತಿ ಮುಟ್ಟಿದರೆ ಅದು ಏನನ್ನೂ ಹೇಳದು, ಹುಟ್ಟಿಸುವುದನ್ನು ಸುಮ್ಮನೆ ನಿಲ್ಲಿಸುತ್ತದೆ. ತಾನೇ ಕಟ್ಟಿದ ಬ್ಲಾಕಿಗೆ ಲೆಕ್ಕ ಹಾಕಲು ಹೇಳಿದರೆ ಅದು ಉತ್ತರವನ್ನು ಕರೆದಲ್ಲಿಗೆ ಹಿಂತಿರುಗಿಸದು. ಬೇರೊಂದು ವೇರಿಯೇಬಲ್‌ನಲ್ಲಿ ಇಟ್ಟು ಸುತ್ತಿ ತರಬೇಕು. ಸುತ್ತಲಿನ ಊರುಗಳ ಹೋರಿಗಳ ಹೆಸರು, ಗೆದ್ದ ಬಹುಮಾನ ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟು ಆಟವೇ ಅದನ್ನು ಓದಿಕೊಳ್ಳಲಿ ಎಂದರೆ ಆಗದು. ಕೊನೆಗೆ ಬರುವ ಪ್ರಶ್ನೆ: "ಸರ್, ಇದನ್ನ ಅಪ್ಪನ ಫೋನಿಗೆ ಆ್ಯಪ್ ಮಾಡಿ ಹಾಕಾಕ ಬರ್ತೈತೇನ್ರಿ?"

ಈ ಪ್ರಶ್ನೆ ಬಂದ ದಿನ ಮಗು ಸ್ಕ್ರ್ಯಾಚನ್ನು ಮೀರಿದೆ ಎಂದೇ ತಿಳಿಯಬೇಕು. ಇದರಲ್ಲಿ ಭಾಷೆಯ ತಪ್ಪೇನೂ ಇಲ್ಲ. ಮಕ್ಕಳ ಭಾಷೆಗೆ ಹೊಸಬರು ದಾಟುವಂತೆ ಹೊಸ್ತಿಲು ತಗ್ಗಿರಬೇಕು, ಬಲಿತವರು ತಲೆಯೆತ್ತುವಂತೆ ಚಾವಣಿ ಎತ್ತರವಿರಬೇಕು ಎನ್ನುತ್ತಿದ್ದರು ರೆಸ್ನಿಕ್ ಅವರ ಗುರು ಸೀಮೋರ್ ಪೇಪರ್ಟ್. ಶಿಷ್ಯ ಗೋಡೆಗಳೂ ಅಗಲವಾಗಿರಲಿ ಎಂದು ಸೇರಿಸಿದರು. ಸ್ಕ್ರ್ಯಾಚ್ ತಗ್ಗು ಹೊಸ್ತಿಲನ್ನೂ ಅಗಲ ಗೋಡೆಯನ್ನೂ ಆರಿಸಿಕೊಂಡಿತು. ಚಾವಣಿ ತಲೆಗೆ ತಾಗಿದವರು ಹೊರಗೆ ಹೋಗಲೇಬೇಕು. ಹೊರಗೆ ಯಾರು ಕಾದಿದ್ದಾರೆ ಎನ್ನುವುದಷ್ಟೇ ನಮ್ಮ ಚಿಂತೆ.

ಬ್ಲಾಕಿನಿಂದ ಬರೆಯುವ ಭಾಷೆಗೆ ದಾಟುವುದು ಎಷ್ಟು ಕಷ್ಟ ಎಂಬುದನ್ನು ದೊಡ್ಡವರು ಸರಿಯಾಗಿ ಅಂದಾಜು ಮಾಡುವುದಿಲ್ಲ. ಸ್ಕ್ರ್ಯಾಚ್‌ನಲ್ಲಿ ವ್ಯಾಕರಣದ ತಪ್ಪು ಮಾಡಲು ಸಾಧ್ಯವೇ ಇಲ್ಲ. ಹೊಂದದ ಬ್ಲಾಕು ಕೂಡುವುದೇ ಇಲ್ಲ. ಮೂರು ವರ್ಷ ಹಾಗೆ ಬೆಳೆದ ಮಗು ಪೈಥಾನ್ ಎಂಬ ಬರೆಯುವ ಭಾಷೆಯನ್ನು ತೆರೆದು ಮೊದಲ ನಾಲ್ಕು ಸಾಲು ಬರೆಯುತ್ತದೆ. ಒಂದು ಕೋಲನ್ ಬಿಟ್ಟುಹೋಗಿರುತ್ತದೆ, ಅಥವಾ ಸಾಲಿನ ಮುಂದೆ ಒಂದು ಸ್ಪೇಸ್ ಹೆಚ್ಚಾಗಿರುತ್ತದೆ. ಕೆಂಪಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಎರರ್. ಕನ್ನಡ ಮಾಧ್ಯಮದ ಮಗುವಿಗೆ ಅದು ಎರಡು ಪೆಟ್ಟು: ಮಾಡಿದ್ದು ತಪ್ಪಾಯಿತು, ಏನು ತಪ್ಪೆಂದು ಓದಲೂ ಆಗಲಿಲ್ಲ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು "ಏನಾಗಿಲ್ಲೋ, ಮೂರನೇ ಸಾಲು ನೋಡು" ಎನ್ನುವ ಒಬ್ಬರು ಬೇಕು. ಅದು ಮೊದಲ ಕೆಲವು ವಾರಗಳ ಮಾತು ಅಷ್ಟೇ. ಆ ವಾರಗಳಲ್ಲಿ ಯಾರೂ ಸಿಗದಿದ್ದರೆ ಮಗು "ನಂಗ ಇದು ಬರಂಗಿಲ್ಲ" ಎಂದು ತೀರ್ಮಾನಿಸಿ ಎದ್ದುಹೋಗುತ್ತದೆ, ಮತ್ತೆ ಆ ಕಡೆ ಬರುವುದಿಲ್ಲ.

ಜೊತೆಗಾರರು ಚದುರುವುದೂ ಅದೇ ವಯಸ್ಸಿನಲ್ಲಿ. ಸ್ಕ್ರ್ಯಾಚ್ ತಾಣದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಖಾತೆ ತೆರೆದಿದ್ದಾರೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತೆಗೆದು ತಿದ್ದಿ ಬೆಳೆಸುವುದೇ ಅಲ್ಲಿನ ಜೀವ. ಆದರೆ ಹದಿನೈದು ದಾಟಿದವರಿಗೆ ಅಲ್ಲಿ ಎಲ್ಲರೂ ತಮ್ಮಂದಿರು, ತಂಗಿಯರು. ಮೆಚ್ಚಿಕೊಂಡು ನೋಡುತ್ತಿದ್ದ ದೊಡ್ಡವರು ಹೊಸದೇನನ್ನೂ ಹಾಕುವುದಿಲ್ಲ. ದೊಡ್ಡ ನಗರದ ಮಗುವಿಗೆ ಆಗ ಕಾಲೇಜಿನ ಕೂಟಗಳು, ಓದಿದ ನೆಂಟರು ಸಿಗಬಹುದು. ನಮ್ಮಲ್ಲಿ ಒಂದು ತರಗತಿ ಮುಂದಿದ್ದ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಸೈನ್ಸ್‌ಗೆಂದು ಹುಬ್ಬಳ್ಳಿ, ಧಾರವಾಡ, ದಾವಣಗೆರೆಯ ಬಸ್ಸು ಹತ್ತುತ್ತಾನೆ. ಅವನು ಕಲಿತದ್ದೂ ಅವನೊಂದಿಗೇ ಊರು ಬಿಡುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಹೀಗೆ ಕೈಬಿಡುವುದು ಇನ್ನೂ ಬೇಗ ಆಗುತ್ತದೆ. ಮನೆಯ ಫೋನು ಅಣ್ಣನ ಜೇಬಿನಲ್ಲಿರುತ್ತದೆ. ಶಾಲೆ ಬಿಟ್ಟ ಮೇಲೆ ಲ್ಯಾಬಿನಲ್ಲಿ ಅರ್ಧ ಗಂಟೆ ಹೆಚ್ಚು ಕೂತರೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ.

ಈ ಹವ್ಯಾಸ ನಿಂತರೆ ಹೋಗುವುದೇನು ಎಂದು ಕೇಳುವವರಿಗೆ ಕನ್ನಡದ್ದೇ ಚರಿತ್ರೆ ಇದೆ. ಇಂದು ನಾವು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಿರುವುದರ ಹಿಂದೆ ಹವ್ಯಾಸಿಗಳ ಶ್ರಮ ಬಹಳವಿದೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ' ತಂತ್ರಾಂಶ ಊರೂರಿನ ಡಿಟಿಪಿ ಅಂಗಡಿಗಳನ್ನು ಮುಟ್ಟಿತು. ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಅವರು ಮಕ್ಕಳ ಲೋಗೋ ಭಾಷೆಯನ್ನೇ ಕನ್ನಡಕ್ಕೆ ತಂದರು. ಲೋಗೋ ಎಂದರೆ ಪೇಪರ್ಟ್, ಸಿಂಥಿಯಾ ಸೊಲೊಮನ್, ವಾಲಿ ಫ್ಯೂರ್ಜೈಗ್ ಸೇರಿ 1967ರಲ್ಲಿ ರೂಪಿಸಿದ ಭಾಷೆ. ಪರದೆಯ ಮೇಲಿನ ಆಮೆಯನ್ನು ನಡೆಸಿ ಚಿತ್ರ ಬರೆಸುವುದು. ಅಂದರೆ ಮೊದಲ ಮೆಟ್ಟಿಲನ್ನು ಕನ್ನಡದಲ್ಲಿ ಕಟ್ಟಿಕೊಟ್ಟವರು ನಮ್ಮಲ್ಲೇ ಇದ್ದರು. ಎರಡನೆಯ ಮೆಟ್ಟಿಲಿಗೆ ಅದೇ ಶ್ರದ್ಧೆಯನ್ನು ಕನ್ನಡ ಸಮಾಜ ತೋರಿಸಲಿಲ್ಲ ಎಂಬುದು ನಮ್ಮ ನೇರ ಅಭಿಪ್ರಾಯ. ನಾಳೆ ಗೋವಿನಜೋಳದ ಧಾರಣೆ, ಸವಣೂರಿನ ಎಲೆಬಳ್ಳಿಯ ರೋಗ, ಊರ ಕೆರೆಯ ನೀರಿನ ಲೆಕ್ಕ ಇವಕ್ಕೆಲ್ಲ ಕನ್ನಡದಲ್ಲಿ ಕೆಲಸ ಮಾಡುವ ತಂತ್ರಾಂಶ ಬರೆಯಬೇಕಾದವರು ಇದೇ ಹೋರಿ ಆಟದ ಮಕ್ಕಳು.

ಎಐಯನ್ನು ಕೇಳಿದರೆ ಪ್ರೋಗ್ರಾಮ್ ಬರೆದುಕೊಡುತ್ತದಲ್ಲ ಎನ್ನುವ ಮಾತೂ ಕೇಳಿಬರುತ್ತಿದೆ. ಕೊಡುತ್ತದೆ. ಕೊಟ್ಟದ್ದರಲ್ಲಿ ತಪ್ಪಿದ್ದರೆ ಎಲ್ಲಿದೆ ಎಂದು ಹುಡುಕಲು ಬಾರದ ಮಗುವಿಗೆ ಅದು ನಕಲು ಮಾಡಿದ ಹೋಂವರ್ಕಿಗಿಂತ ಹೆಚ್ಚೇನೂ ಆಗುವುದಿಲ್ಲ.

ಶಿಕ್ಷಕರು, ಪಾಲಕರು ಕಣ್ಣಿಡಬೇಕಾದ ಲಕ್ಷಣಗಳು ಸ್ಪಷ್ಟವಾಗಿವೆ. ಮಗು ಹೊಸದನ್ನು ಮಾಡದೆ ಹಳೆಯ ಆಟಕ್ಕೇ ಬಣ್ಣ ಬದಲಿಸುತ್ತಿದೆಯೇ? ಶುರು ಮಾಡಿದ್ದನ್ನೆಲ್ಲ ಅರ್ಧಕ್ಕೆ ಬಿಡುತ್ತಿದೆಯೇ? "ಇದು ಸಣ್ಣ ಹುಡುಗರದು" ಎನ್ನಲು ಶುರು ಮಾಡಿದೆಯೇ? ಈ ಕೊನೆಯ ಮಾತನ್ನು ಸೊಕ್ಕು ಎಂದು ಗದರಬೇಡಿ; ಮುಂದಿನದನ್ನು ಕೊಡಿ ಎಂದು ಮಗು ಕೇಳುತ್ತಿರುವುದು ಹೀಗೆಯೇ.

ಕೊಡಲು ಬೇಕಾದದ್ದು ಬಹುಪಾಲು ಇಲ್ಲೇ ಇದೆ. ಲೋಗೋದ ಆಮೆ ಪೈಥಾನ್ ಜೊತೆಗೇ 'ಟರ್ಟಲ್' ಎಂಬ ಹೆಸರಿನಲ್ಲಿ ಬರುತ್ತದೆ, ಇಂಟರ್ನೆಟ್ ಬೇಡ. ಸ್ಕ್ರ್ಯಾಚ್‌ನಲ್ಲಿ ಚೌಕ ಬಿಡಿಸಿದ ಮಗು ಅದೇ ಚೌಕವನ್ನು ಅಲ್ಲಿ ನಾಲ್ಕು ಸಾಲಿನಲ್ಲಿ ಬಿಡಿಸಬಹುದು. ಪೈಥಾನ್ 3ರಲ್ಲಿ ವೇರಿಯೇಬಲ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು; ಕೊಬ್ಬರಿ = 0 ಎಂದು ಬರೆದರೆ ಅದು ಒಪ್ಪುತ್ತದೆ. ಇದನ್ನು ಮಕ್ಕಳಿಗೆ ಮೊದಲ ದಿನವೇ ತೋರಿಸಬೇಕು. ಕೀಲಿಪದಗಳು ಇಂಗ್ಲಿಷಿನವೇ ಆದರೂ ಅವು ಕೆಲವೇ. ಪದೇ ಪದೇ ಬರುವ ಎರರುಗಳ ಕನ್ನಡ ಅರ್ಥವನ್ನು ಒಂದು ಹಾಳೆಯಲ್ಲಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸುವುದು ಒಬ್ಬ ಶಿಕ್ಷಕರ ಒಂದು ಸಂಜೆಯ ಕೆಲಸ. ಮಗುವಿನ ಹಳೆಯ ಹೋರಿ ಆಟವನ್ನೇ ಹೊಸ ಭಾಷೆಯಲ್ಲಿ ಮತ್ತೆ ಕಟ್ಟಿಸಬೇಕು. ಹೊಸ ಪಾಠಪುಸ್ತಕ ಹಿಡಿಸಿ ಮೊದಲ ಪುಟದಿಂದ ಕೂರಿಸಿದರೆ ಅದು ಇನ್ನೊಂದು ಪರೀಕ್ಷೆಯಾಗುತ್ತದೆ.

ಪಿಯು ಕಂಪ್ಯೂಟರ್ ಸೈನ್ಸ್‌ನಲ್ಲಿ ಬಹುಕಾಲ ಸಿ++ ಇತ್ತು, ಈಗ ಪೈಥಾನ್ ಬಂದಿದೆ. ಆದ್ದರಿಂದ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರಿನಲ್ಲಿ ಅದನ್ನು ಕಲಿಸುತ್ತಿರುವ ಪಿಯು ಉಪನ್ಯಾಸಕರು ತಿಂಗಳಿಗೆ ಎರಡು ಶನಿವಾರ ಪಕ್ಕದ ಪ್ರೌಢಶಾಲೆಗೆ ಹೋಗುವಂತೆ ಶಿಕ್ಷಣ ಇಲಾಖೆ ಏರ್ಪಾಡು ಮಾಡಬಹುದು. ಹಾವೇರಿ ಬಳಿಯ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೂ ಇದರಲ್ಲಿ ಕೆಲಸವಿದೆ.

ಅಕ್ಕಿಆಲೂರಿನಿಂದ ನಾವು ಇನ್ನೂ ಹೆಚ್ಚನ್ನು ಕೇಳುತ್ತೇವೆ. ರಕ್ತದಾನಿಗಳ ಊರು ಎಂದು ಹೆಸರು ಪಡೆದ ಊರಿದು. ಯಾರ ರಕ್ತ ಯಾವ ಗುಂಪು, ಈ ಹೊತ್ತಿಗೆ ಯಾರು ಸಿಗುತ್ತಾರೆ ಎಂದು ಪಟ್ಟಿ ಇಟ್ಟುಕೊಂಡು ಒಂದು ಕರೆಗೆ ಎದ್ದುಬರುವ ಯುವಕರನ್ನು ಇದು ಬೆಳೆಸಿದೆ. ಊರು ಬಿಟ್ಟು ಕಂಪ್ಯೂಟರ್ ಓದುತ್ತಿರುವ, ಆ ಕೆಲಸದಲ್ಲೇ ಇರುವ ಮಕ್ಕಳ ಪಟ್ಟಿಯೂ ಹೀಗೆಯೇ ಆಗಲಿ. ದಸರಾ ರಜೆಗೆ, ಜಾತ್ರೆಗೆ, ದೀಪಾವಳಿಗೆ ಅವರು ಹೇಗೂ ಬರುತ್ತಾರೆ. ಬಂದಾಗ ಎರಡು ದಿನ ಒಂಬತ್ತನೇ ತರಗತಿಯವರ ಪಕ್ಕ ಕೂರಲಿ. ಹೋದ ಮೇಲೆ ಎರರಿನ ಫೋಟೊ ಕಳಿಸಿದರೆ ಉತ್ತರಿಸಲಿ. ಕೂರಲು ಜಾಗಕ್ಕೆ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಎನ್ನುತ್ತೇವೆ. ಕಂಪ್ಯೂಟರ್ ಇರುವ ಕೇಂದ್ರಗಳಲ್ಲಿ ಭಾನುವಾರ ಮಧ್ಯಾಹ್ನದ ಮೂರು ತಾಸನ್ನು ಈ ಮಕ್ಕಳಿಗೆಂದು ಮೀಸಲಿಡುವ ಠರಾವನ್ನು ಪಂಚಾಯಿತಿಗಳು ಮುಂದಿನ ಸಭೆಯಲ್ಲೇ ಪಾಸು ಮಾಡಲಿ, ಅದರಲ್ಲಿ ಮೊದಲ ಒಂದು ತಾಸು ಹೆಣ್ಣುಮಕ್ಕಳಿಗೆ ಎಂದೂ ಬರೆಯಲಿ.