ನೋಟಿನ ಮೇಲೊಂದು ಕಪ್ಪು ಎತ್ತು

ಚಹಾ ಕುಡಿದು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡ್ತೀವಿ. ‘ಟಿಂಗ್’ ಅಂತ ಸದ್ದು ಬಂದರೆ ವ್ಯವಹಾರ ಮುಗೀತು. ಆದರೆ 300 ಕಿ.ಮೀ. ದೂರದ ಸಂತೆಯಲ್ಲಿ ನಿಮ್ಮ ದನಗಳನ್ನು ಇನ್ಯಾರೋ ಮಾರಿದ್ದಾರೆ ಅಂದ್ಕೊಳ್ಳಿ. ಫೋನಿಲ್ಲ, ರೈಲಿಲ್ಲ, ದಾರಿ ತುಂಬ ಕಳ್ಳರು. ಆ ದುಡ್ಡು ನಿಮ್ಮ ಮನೆಗೆ ಬರೋದು ಹೇಗೆ?

ಬ್ರಿಟನ್ನಿನ ವೇಲ್ಸ್ ರೈತರಿಗೆ ನೂರಾರು ವರ್ಷ ಇದೇ ಚಿಂತೆ. ಅವರ ಕಪ್ಪು ದನಗಳು ಲಂಡನ್ನಿನ ಸ್ಮಿತ್‌ಫೀಲ್ಡ್ ಸಂತೆಗೆ ನಡೆದೇ ಹೋಗಬೇಕಿತ್ತು. ಗೊರಸು ಸವೆಯದಿರಲಿ ಅಂತ ಲಾಳ ಹೊಡೆಯುತ್ತಿದ್ದರು. ಹೊಡೆದುಕೊಂಡು ಹೋಗುವವರು ಡ್ರೋವರ್‌ಗಳು. ಅವರಲ್ಲೊಬ್ಬ ದುಡ್ಡಿನೊಂದಿಗೆ ಪರಾರಿಯಾದರೆ ಊರಿನ ಎಷ್ಟೋ ಮನೆಗಳ ವರ್ಷದ ಸಂಪಾದನೆಯೇ ಹೋಯ್ತು. ಹಾಗಾಗಿ 16ನೇ ಶತಮಾನದ ಕಾನೂನು ಲೈಸೆನ್ಸ್‌ಗೆ ಷರತ್ತು ಹಾಕಿತ್ತು: 30 ವರ್ಷ ತುಂಬಿರಬೇಕು, ಮದುವೆಯಾಗಿರಬೇಕು, ಸ್ವಂತ ಮನೆ ಇರಬೇಕು. ನಮ್ಮ ಹೋಮ್ ಲೋನ್ ಅರ್ಜಿ ನೆನಪಾಗಲ್ವಾ!

ಈ ಡ್ರೋವರ್‌ಗಳ ಒಂದು ಉಪಾಯ ನನಗೆ ಬಹಳ ಇಷ್ಟ. ಲಂಡನ್ನಿಗೆ ಕಟ್ಟಬೇಕಾದ ಬಾಡಿಗೆ ಹಣವನ್ನು ಊರಲ್ಲೇ ಪಡೆದು, ಅದರಲ್ಲೇ ದನ ಕೊಳ್ಳುತ್ತಿದ್ದರು. ಅಲ್ಲಿ ದನ ಮಾರಿ, ಬಂದ ದುಡ್ಡಲ್ಲಿ ಬಾಡಿಗೆ ಕಟ್ಟುತ್ತಿದ್ದರು. ಹೋಗುವಾಗ ಚಿನ್ನದ ನಾಣ್ಯ ಹೊರುವ ಗೊಡವೆಯೇ ಇಲ್ಲ. ದಾರಿಯಲ್ಲಿ ನಡೆಯುತ್ತಿದ್ದದ್ದು ದನ ಮಾತ್ರ!

ಇಂಥ ವ್ಯವಹಾರದಲ್ಲಿ ಪಳಗಿದ್ದ ಡೇವಿಡ್ ಜೋನ್ಸ್ ಎಂಬ ಡ್ರೋವರ್ 1799ರಲ್ಲಿ ಲ್ಯಾಂಡೋವರಿ ಪಟ್ಟಣದಲ್ಲಿ ಬ್ಯಾಂಕನ್ನೇ ತೆರೆದ. ಅವನ ನೋಟುಗಳ ಮೇಲೆ ಕಪ್ಪು ಎತ್ತಿನ ಚಿತ್ರ. ಜನ ‘ಬ್ಲ್ಯಾಕ್ ಆಕ್ಸ್ ಬ್ಯಾಂಕ್’ ಎಂದೇ ಕರೆದರು. ಅಕ್ಷರ ಬಾರದವರೂ ಎತ್ತನ್ನು ಗುರುತಿಸಬಲ್ಲರು, ಅಲ್ವಾ? ಅಬರಿಸ್ಟ್‌ವಿತ್‌ನ ಇನ್ನೊಂದು ಬ್ಯಾಂಕಂತೂ ಒಂದು ಪೌಂಡಿಗೆ ಒಂದು ಕುರಿ, ಎರಡು ಪೌಂಡಿಗೆ ಎರಡು ಕುರಿ ಅಚ್ಚು ಹಾಕಿಸಿತು.

ಆಮೇಲೆ ರೈಲು ಬಂತು, ದನಗಳ ನಡಿಗೆ ನಿಂತಿತು. ಬ್ಯಾಂಕ್ ಮಾತ್ರ ಸಂತೆಗೆ ಇನ್ನೂ ಹತ್ತಿರವಾಯ್ತು. 1855ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಹೊಸ ದನದ ಮಾರುಕಟ್ಟೆ ಕಟ್ಟಿದಾಗ, ನಟ್ಟನಡುವಿನ ಗಡಿಯಾರ ಗೋಪುರದ ಬುಡದಲ್ಲೇ ಬ್ಯಾಂಕುಗಳಿಗೆ ಜಾಗ ಕೊಟ್ಟರು. ಮಾರಿದವ ಜೇಬಲ್ಲಿ ದುಡ್ಡಿಟ್ಟುಕೊಂಡು ದೂರ ಹೋಗಬೇಕಿರಲಿಲ್ಲ.

1909ರಲ್ಲಿ ಲಾಯ್ಡ್ಸ್ ಬ್ಯಾಂಕ್ ಜೋನ್ಸ್‌ನ ಬ್ಯಾಂಕನ್ನು ಕೊಂಡಿತು. ಈಗ ಬ್ರಿಟನ್ನಿನ ಸಣ್ಣ ಊರುಗಳಲ್ಲಿ ಶಾಖೆಗಳು ಒಂದೊಂದಾಗಿ ಮುಚ್ಚುತ್ತಿವೆ. ಆ್ಯಪ್ ಇದೆಯಲ್ಲ, ಶಾಖೆ ಯಾಕೆ ಅಂತೀರಾ? ದುಡ್ಡು ಕಳಿಸೋಕೆ ಬೇಡ, ನಿಜ. ಆದರೆ ಮಳೆ ಕೈಕೊಟ್ಟ ವರ್ಷ, ‘ಇವನನ್ನು ನಾನು ಬಲ್ಲೆ, ಸಾಲ ಕೊಡೋಣ’ ಅನ್ನೋ ಮನುಷ್ಯ ಆ್ಯಪ್ ಒಳಗೆ ಸಿಗೋದಿಲ್ಲ.

ನಿಮ್ಮೂರಿನ ಸಂತೆ ಪಕ್ಕದಲ್ಲೂ ಬ್ಯಾಂಕ್ ಇತ್ತಾ? ಮನೆಯ ಹಿರಿಯರನ್ನು ಕೇಳಿ, ಬರೆದು ಕಳಿಸಿ.