ಉರಿಯದ ದೀಪ

ಮನೆಯೊಳಗೆ ದೀಪವು ಉರಿಯದಿದ್ದರೆ ಗೃಹಸ್ಥನಿಗೆ ಚಿಂತೆ. ಮೋಟಾರಿನೊಳಗೆ ದೀಪವು ಉರಿದರೆ ಚಿಂತೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪವೊಂದೂ ಕಾಣದಿದ್ದರೆ ಗಾಡಿಯು ನಿರ್ದುಷ್ಟವೆಂದು ನಾವೆಲ್ಲರೂ ನಂಬುತ್ತೇವೆ. ಈ ನಂಬಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರ ಮಾಡಬೇಕೆಂದಿದ್ದೇನೆ. ಇದಕ್ಕೆ ಕಾರಣವಾದುದು ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗ.

ನಮ್ಮ ಅಳಿಯಂದಿರು ವಾರಕ್ಕೆ ಮೂರು ಬಾರಿ ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರತಕ್ಕವರು. ಹೋದ ವರ್ಷ ಅವರು ಎಂಟು ವರ್ಷ ಹಳೆಯದಾದ ಕಾರೊಂದನ್ನು ಕೊಳ್ಳಹೊರಟಾಗ, ನನ್ನ ಉಳಿತಾಯದಿಂದ ಒಂದು ಲಕ್ಷ ರೂಪಾಯಿಗಳನ್ನು ಕೊಟ್ಟು, ಹಿರಿಯನೆಂಬ ಅಧಿಕಾರದಿಂದ ಗಾಡಿಯ ಪರೀಕ್ಷೆಗೂ ನಾನೇ ಹೋದೆನು. ಮಾರುವವನು ಇಂಜಿನನ್ನು ಚಾಲೂ ಮಾಡಿ, “ನೋಡಿ ಸ್ವಾಮಿ, ಒಂದು ದೀಪವೂ ಇಲ್ಲ” ಎಂದನು. ನಾನು ಕನ್ನಡಕವನ್ನು ಸರಿಮಾಡಿಕೊಂಡು ನೋಡಿದೆನು, ನಿಜವಾಗಿಯೂ ಇರಲಿಲ್ಲ. “ತೆಗೆದುಕೊಳ್ಳಬಹುದು” ಎಂದು ಅಪ್ಪಣೆ ಕೊಟ್ಟವನು ನಾನೇ.

ಎರಡು ತಿಂಗಳ ಮೇಲೆ ಬ್ರೇಕಿನ ಕೆಲಸಕ್ಕೆಂದು ಗಾಡಿಯನ್ನು ನನ್ನ ಹಳೆಯ ಶಿಷ್ಯನೊಬ್ಬನ ವರ್ಕ್‌ಷಾಪಿಗೆ ಒಯ್ದೆವು. ಅವನು ಇಂಜಿನನ್ನು ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ ಸುಮ್ಮನೆ ನೋಡುತ್ತ ನಿಂತನು. “ಮೇಷ್ಟ್ರೇ, ಈ ಏರ್‌ಬ್ಯಾಗ್ ದೀಪ ಇಷ್ಟು ಹೊತ್ತಿಗೆ ತಾನಾಗಿ ಆರಬೇಕಿತ್ತು. ಆಯಿಲ್ ದೀಪದ ಜೊತೆ ಇನ್ನೂ ಉರೀತಾ ಇದೆ” ಎಂದು ಇಂಜಿನನ್ನು ಚಾಲೂ ಮಾಡಿದನು. ಎರಡು ದೀಪಗಳೂ ಒಂದೇ ಕ್ಷಣದಲ್ಲಿ ಆರಿದುವು. “ನೋಡಿದಿರಾ? ಎರಡಕ್ಕೂ ಒಂದೇ ತಂತಿ ಕಟ್ಟಿಬಿಟ್ಟಿದ್ದಾರೆ.” ಬಳಿಕ ಬ್ಯಾಟರಿಯ ಸಂಬಂಧವನ್ನು ತಪ್ಪಿಸಿ, ಕೆಲವು ನಿಮಿಷ ಕಾದು, ಸ್ಟಿಯರಿಂಗಿನ ನಡುವಣ ಮುಚ್ಚಳವನ್ನು ಬಿಚ್ಚಿ ತೋರಿಸಿದನು. ಚೀಲವಿರಬೇಕಾದ ಎಡೆಯು ಬರಿದಾಗಿತ್ತು. ಹಿಂದೆ ಯಾವಾಗಲೋ ಆದ ಅಪಘಾತದಲ್ಲಿ ಅದು ಬಿಚ್ಚಿಕೊಂಡಿದ್ದಿತು. ಹೊಸದನ್ನು ಹಾಕುವ ಬದಲು ಮುಚ್ಚಳವನ್ನು ಮಾತ್ರ ಹಾಕಿದ್ದರು.

ಏರ್‌ಬ್ಯಾಗಿನ ಕೆಲಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗಾಡಿಯು ಬಲವಾಗಿ ಢಿಕ್ಕಿ ಹೊಡೆದೊಡನೆ ವೇಗವು ಹಠಾತ್ತಾಗಿ ಕುಗ್ಗುವುದನ್ನು ಒಂದು ನಿಯಂತ್ರಕ ಪೆಟ್ಟಿಗೆಯು ತಿಳಿದು, ವಿದ್ಯುತ್ತಿನ ಕಿಡಿಯಿಂದ ಮದ್ದನ್ನು ಹೊತ್ತಿಸುತ್ತದೆ. ಹುಟ್ಟಿದ ಅನಿಲವು ಚೀಲವನ್ನು ತುಂಬುತ್ತದೆ. ಇದೆಲ್ಲವೂ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 30ರಿಂದ 50 ಭಾಗದೊಳಗೆ, ಎಂದರೆ ಕಣ್ಣೆವೆಯಿಕ್ಕುವುದಕ್ಕಿಂತಲೂ ಬೇಗನೆ, ಮುಗಿಯುತ್ತದೆ. ಅದೇ ಪೆಟ್ಟಿಗೆಯು ಪ್ರತಿಸಲ ಕೀಲಿ ತಿರುಗಿಸಿದಾಗಲೂ ತನ್ನ ತಂತಿಗಳನ್ನು ಪರೀಕ್ಷಿಸಿಕೊಂಡು, ದೀಪವನ್ನು ಕೆಲವು ಸೆಕೆಂಡುಗಳ ಕಾಲ ಉರಿಸಿ, ದೋಷವಿಲ್ಲದಿದ್ದರೆ ಆರಿಸುತ್ತದೆ. ದೀಪವು ಆರದೆ ಉಳಿದರೆ ಆಪತ್ಕಾಲದಲ್ಲಿ ಚೀಲವು ತೆರೆಯದೆ ಹೋಗಬಹುದೆಂದು ಅರ್ಥ.

ಸಂಸ್ಕೃತವನ್ನು ಕಲಿಸಿ ಬಾಳಿದ ನನಗೆ ಇಲ್ಲಿಯೇ ನಾಚಿಕೆಯಾದುದು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ಯೆಂಬ ಪ್ರಮಾಣವನ್ನು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ತಿಳಿಯಬಹುದು. ಆದರೆ ಒಂದು ನಿಬಂಧನೆಯುಂಟು: ಗಡಿಗೆಯು ಇದ್ದಿದ್ದರೆ ಕಾಣುವಂತಿರಬೇಕು. ಕತ್ತಲೆಯ ಕೋಣೆಯಲ್ಲಿ ಕಾಣಲಿಲ್ಲವೆಂದು ಇಲ್ಲವೆನ್ನುವವನು ಎಡವಿ ಬೀಳುತ್ತಾನೆ. ಹಾಗೆಯೇ, ಉರಿಯಬಲ್ಲ ದೀಪವು ಆರಿದ್ದರೆ ಮಾತ್ರ ಅದು ನಿರ್ದೋಷಕ್ಕೆ ಸಾಕ್ಷಿ. ಬಲ್ಬನ್ನು ಕಿತ್ತ, ಕಪ್ಪು ಪಟ್ಟಿಯನ್ನು ಅಂಟಿಸಿದ, ಬೇರೊಂದು ದೀಪಕ್ಕೆ ಜೋಡಿಸಿದ ದೀಪವು ಏನನ್ನೂ ಹೇಳುವುದಿಲ್ಲ. ಇಷ್ಟನ್ನು ಹುಡುಗರಿಗೆ ಪಾಠ ಹೇಳಿದವನು, ಮಾರುವವನು ಇಂಜಿನನ್ನು ಚಾಲೂ ಮಾಡಿದ ಮೇಲೆ ನೋಡಿ ತೃಪ್ತನಾದೆನು!

ಆದುದರಿಂದ ಹಳೆಯ ಗಾಡಿಯನ್ನು ಕೊಳ್ಳುವ ಗೃಹಸ್ಥರು ಹೀಗೆ ಮಾಡತಕ್ಕದ್ದು. ಮೊದಲು, ಆ ಮಾದರಿಗೆ ಏರ್‌ಬ್ಯಾಗ್ ಇದ್ದಿತೇ ಎಂಬುದನ್ನು ತಿಳಿಯಬೇಕು. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗು ಹೊಸ ಕಾರುಗಳಿಗೆ ಕಡ್ಡಾಯವಾದುದು 2019ರ ಜುಲೈ 1ರಿಂದ. ಅದಕ್ಕಿಂತ ಹಳೆಯ ಅನೇಕ ಗಾಡಿಗಳಲ್ಲಿ ಅದು ಇಲ್ಲವೇ ಇಲ್ಲ. ಇರುವ ಗಾಡಿಯಾದರೆ, ಕೀಲಿಯನ್ನು ನೀವೇ ಕೈಯಲ್ಲಿ ಹಿಡಿದು, ಇಂಜಿನನ್ನು ಚಾಲೂ ಮಾಡದೆ ತಿರುಗಿಸಿ ನೋಡಿರಿ. ಏರ್‌ಬ್ಯಾಗಿನ ದೀಪವು ಹೊತ್ತಿಕೊಳ್ಳಬೇಕು. ಕೆಲವು ಸೆಕೆಂಡುಗಳಲ್ಲಿ ತಾನಾಗಿಯೇ ಆರಬೇಕು. ಆಯಿಲ್ ಮತ್ತು ಬ್ಯಾಟರಿಯ ದೀಪಗಳು ಆಗಲೂ ಉರಿಯುತ್ತಿರಬೇಕು. ಹೊತ್ತಿಕೊಳ್ಳದಿದ್ದರೂ ಸಂಶಯ, ಇತರ ದೀಪಗಳೊಡನೆಯೇ ಆರಿದರೂ ಸಂಶಯ. ಸ್ಟಿಯರಿಂಗಿನ ಮುಚ್ಚಳದ ಬಣ್ಣವೂ ಸಂದುಗಳೂ ಸುತ್ತಲಿನ ಭಾಗಕ್ಕೆ ಹೊಂದುತ್ತವೆಯೇ, ಸೀಟ್‌ಬೆಲ್ಟ್ ಸರಾಗವಾಗಿ ಎಳೆದು ಬರುತ್ತದೆಯೇ ಎಂಬುದನ್ನೂ ನೋಡಿರಿ.

ಈ ಪರೀಕ್ಷೆಯೂ ಪೂರ್ಣವಲ್ಲ. ಚೀಲದ ಬದಲು ಸಣ್ಣ ತಡೆಯೊಂದನ್ನು ಜೋಡಿಸಿ ಪೆಟ್ಟಿಗೆಯನ್ನೇ ವಂಚಿಸುವವರುಂಟು. ಆಗ ದೀಪವು ಸರಿಯಾಗಿಯೇ ನಡೆದುಕೊಳ್ಳುವುದು. ತಕಾಟಾ ಕಂಪನಿಯ ಏರ್‌ಬ್ಯಾಗುಗಳಲ್ಲಿ ಮದ್ದು ಕಾಲಾಂತರದಲ್ಲಿ ಸೆಕೆ ತೇವಗಳಿಂದ ಕೆಟ್ಟು, ಲೋಹದ ಚೂರುಗಳು ಸಿಡಿದು ಪ್ರಾಣಹಾನಿಯಾಯಿತು. ಅನೇಕ ತಯಾರಕರು ಭಾರತದಲ್ಲಿಯೂ ಗಾಡಿಗಳನ್ನು ಹಿಂದಕ್ಕೆ ಕರೆಸಿ ಅವನ್ನು ಬದಲಾಯಿಸಿದರು. ಆ ದೋಷವನ್ನು ಯಾವ ದೀಪವೂ ತೋರಿಸದು. ಆದಕಾರಣ ಹಣ ಕೊಡುವ ಮುನ್ನ ಏರ್‌ಬ್ಯಾಗಿನ ಪೆಟ್ಟಿಗೆಯನ್ನು ಓದಬಲ್ಲ ಸ್ಕ್ಯಾನರ್ ಉಳ್ಳ ಮೆಕ್ಯಾನಿಕ್ಕನಿಂದ ನೋಡಿಸಿ, ಚಾಸಿ ನಂಬರನ್ನು ತಯಾರಕರ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿರಿ. ಮುಚ್ಚಳವನ್ನು ಸ್ವಂತವಾಗಿ ಬಿಚ್ಚಕೂಡದು, ಒಳಗಿರುವುದು ಮದ್ದು. ಏರ್‌ಬ್ಯಾಗು ಸರಿಯಿದ್ದರೂ ಬೆಲ್ಟನ್ನು ಬಿಡಕೂಡದು; ಚೀಲವು ಬೆಲ್ಟಿಗೆ ಸಹಾಯಕವೇ ಹೊರತು ಬದಲಿಯಲ್ಲ.

ಇನ್ನು ನಮ್ಮ ಗಾಡಿಯ ಸಂಗತಿ. ಮಾರಿದವನು, “ನೋಡಿಯೇ ತೆಗೆದುಕೊಂಡಿರಲ್ಲ” ಎಂದು ಕೈ ತೊಳೆದುಕೊಂಡನು. ವ್ಯಾಪಾರಿಯು ದೋಷವನ್ನು ಮರೆಮಾಡಿ ಮಾರಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. ನಾವು ಕೊಂಡದ್ದು ಮನೆವಾರ್ತೆಯವನಿಂದ, ರಸೀದಿಯೂ ಇರಲಿಲ್ಲ. ದುರಸ್ತಿಯ ಖರ್ಚನ್ನು ಕೇಳಿ ಅಳಿಯಂದಿರು, “ಬಂದ ಹಾಗೆಯೇ ಮಾರಿಬಿಟ್ಟರೆ ಹೇಗೆ ಮಾವ?” ಎಂದರು. ಸುಳ್ಳೇಕೆ ಹೇಳಲಿ? ನಾನು ಕೂಡಲೇ ಬೇಡವೆನ್ನಲಿಲ್ಲ. ಕೊಟ್ಟ ಲಕ್ಷವು ನೆನಪಿಗೆ ಬಂದು, ಒಂದು ರಾತ್ರಿಯೆಲ್ಲ ಲೆಕ್ಕ ಹಾಕಿದೆನು. ಬೆಳಗ್ಗೆ ಕಾಫಿ ತಂದಿಟ್ಟ ಮಗಳು, “ಅಪ್ಪಾ, ಅದನ್ನು ಕೊಳ್ಳುವವರ ಮನೆಯಲ್ಲಿ ಸಂಜೆ ದಾರಿ ಕಾಯುವವರು ಯಾರೂ ಇರುವುದಿಲ್ಲವೇ?” ಎಂದಳು. ಅಲ್ಲಿಗೆ ಲೆಕ್ಕವು ಮುಗಿಯಿತು. ಹೊಸ ಚೀಲವನ್ನು ಹಾಕಿಸಿ, ತಂತಿಗಳನ್ನು ಸರಿಪಡಿಸಿದೆವು. ಅರ್ಧ ಖರ್ಚು ನನ್ನದು.

ಈಗ ಅಳಿಯಂದಿರು ಹೊರಡುವಾಗಲೆಲ್ಲ ಕೀಲಿ ತಿರುಗಿಸಿ ಕ್ಷಣಕಾಲ ನಿಲ್ಲುತ್ತಾರೆ. ದೀಪವು ಹೊತ್ತಿ ಆರುವವರೆಗೆ ನಾನೂ ಬಾಗಿಲಲ್ಲಿ ನಿಂತಿರುತ್ತೇನೆ.